ಉಗುರಿನಷ್ಟು ತಗ್ಗು

“ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ ರೀ! ನಾನೂ ಬಿದ್ರೆ ನಗರಸಭೆ ಅಧ್ಯಕ್ಷೆಗೆ ಇನ್ನೊಂದು ಸಂತಾಪದ ಭಾಷಣ ಸಿಗತ್ತೆ.”

“ಹಿಡ್ಕೊಂಡೇ ಇದೀನಿ ಕಣೇ. ನೀನು ಮೊದ್ಲು ಆ ಕಡೆ ಈ ಕಡೆ ವಾಲೋದು ನಿಲ್ಸು,” ಎಂದು ಕೆಳಗಿನಿಂದ ನಮ್ಮನೆಯವರು ಕೂಗಿದರು. ಪುರಭವನದ ಮೇಲ್ವಿಚಾರಕರೆಂದರೆ ಈ ಚೌಕದಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ನನ್ನ ಪಾಲಿಗೆ ಮಾತ್ರ ಅವರು ಏಣಿ ಹಿಡಿಯುವ ಗಂಡ.

ನಾನು ಟಾರ್ಚಿನ ಬೆಳಕನ್ನು ಗೋಡೆಯ ಗೂಡಿನೊಳಗೆ ಬಿಟ್ಟೆ. ಗ್ಯಾಲರಿಯನ್ನು ಹೊತ್ತಿದ್ದ ತೊಲೆ ಮುರಿದು ಕೆಳಗೆ ಬಿದ್ದಿತ್ತು, ನಿಜ. ಆದರೆ ಅದರ ತುದಿ ಇನ್ನೂ ಗೋಡೆಯೊಳಗೇ ಕೂತಿತ್ತು. ಎಲ್ಲರೂ ಬಿದ್ದ ರಾಶಿಯನ್ನು ಕೆದಕಿದರು, ಫೋಟೋ ತೆಗೆದರು, ಅಯ್ಯೋ ಪಾಪ ಅಂದರು. ಗೋಡೆಯಲ್ಲಿ ಉಳಿದದ್ದನ್ನು ಒಬ್ಬರೂ ನೋಡಿರಲಿಲ್ಲ.

ಆ ತುದಿಯ ಮೇಲರ್ಧ ಸೀಳಿಕೊಂಡು ಸಿಬಿರೆದ್ದಿತ್ತು. ಕೆಳಗಿನರ್ಧ ಮಾತ್ರ ಬೆಣ್ಣೆ ಕುಯ್ದ ಹಾಗೆ ನುಣ್ಣಗಿತ್ತು.

“ಇನ್ಸ್‌ಪೆಕ್ಟರೇ! ಬನ್ನಿ ಮೇಲೆ. ಈ ಮರ ಮುರಿದದ್ದಲ್ಲ ರೀ. ಯಾರೋ ಗರಗಸ ಹಾಕಿದಾರೆ!”

ಭಾನುವಾರ ಪುರಭವನದ ಶತಮಾನೋತ್ಸವ ಸಮಾರಂಭದಲ್ಲಿ ಗ್ಯಾಲರಿ ಕುಸಿದು, ಕೆಳಗೆ ನಿಂತಿದ್ದ ಗಂಟೆ ತಾತ ಸತ್ತುಹೋಗಿದ್ದ. ಗ್ಯಾಲರಿ ಭದ್ರವಾಗಿದೆ ಎಂದು ಹೋದ ತಿಂಗಳು ಸಹಿ ಹಾಕಿದ್ದ ಇಂಜಿನಿಯರ್, ನನ್ನ ಒಡಹುಟ್ಟಿದ ತಂಗಿ, ಅಂದಿನಿಂದ ಲಾಕಪ್ಪಿನಲ್ಲಿದ್ದಾಳೆ. ಅವಳನ್ನು ಜೈಲಿಗೆ ಕಳಿಸಬೇಕೋ ಬೇಡವೋ ಎಂಬ ತೀರ್ಮಾನ ಇವತ್ತು ಮಧ್ಯಾಹ್ನ, ಇದೇ ಚೌಕದ ಇನ್ನೊಂದು ಬದಿಯ ನ್ಯಾಯಾಲಯದಲ್ಲಿ.

ಅದಕ್ಕೆ ನಾನು ಏಣಿ ಹತ್ತಿದ್ದು. ಪೊಲೀಸ್ ಕೆಲಸ ಬಿಟ್ಟು ಖಾಸಗಿ ಪತ್ತೇದಾರಿಕೆಗೆ ಇಳಿದ ಮೇಲೆ ಊರಿನವರ ಗೋಳೆಲ್ಲ ಬಗೆಹರಿಸಿದ್ದೇನೆ. ಸ್ವಂತ ತಂಗಿಯ ಗೋಳು ಬಗೆಹರಿಸದಿದ್ದರೆ ನನ್ನ ಬೋರ್ಡನ್ನು ಕಿತ್ತು ಒಲೆಗೆ ಹಾಕುವುದು ವಾಸಿ.

ಇನ್ಸ್‌ಪೆಕ್ಟರು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತವರು. ಒಳ್ಳೆಯವರೇ, ಆದರೆ ಸುಣ್ಣದ ಧೂಳು ಕಂಡರೆ ಆಗದು. ಗೂಡಿನೊಳಗೆ ಇಣುಕಿದವರೇ ನನ್ನ ಮುಖಕ್ಕೇ ಸೀನಿದರು.

“ಕ್ಷಮಿಸಿ ಮೇಡಂ. ಇದು… ಹೌದಲ್ರೀ. ಕುಯ್ದಿದಾರೆ.”

“ಮತ್ತೆ? ಮರಕ್ಕೇನು ಜೀವನ ಬೇಸರ ಆಗಿ ತಾನೇ ಕುಯ್ಕೊಳ್ತಾ?”

“ಯಾರು ಮಾಡಿರಬಹುದು?”

“ಅದನ್ನ ಹುಡುಕೋಕೆ ಸರ್ಕಾರ ನಿಮ್ಗೆ ಸಂಬಳ ಕೊಡತ್ತೆ. ನಾನು ಪುಗಸಟ್ಟೆ ಮಾಡ್ತಿದೀನಿ, ಸ್ವಲ್ಪ ಸುಮ್ನಿರಿ.”

ಗೋಡೆಯ ಒಳಗೆ ಗರಗಸ ಆಡಿಸಬೇಕಾದರೆ ತೊಲೆಯ ಸುತ್ತಲಿನ ಗಾರೆ ಒಡೆಯಬೇಕು. ಆಮೇಲೆ ಯಾರಿಗೂ ಕಾಣದ ಹಾಗೆ ಮುಚ್ಚಬೇಕು. ಹಾಗೆ ಮುಚ್ಚಿದ ತೇಪೆಯ ಕೆಳಭಾಗ ಇನ್ನೂ ಅಂಟಿಕೊಂಡಿತ್ತು. ಬಣ್ಣ ಎಷ್ಟು ಚೆನ್ನಾಗಿ ಹೊಂದಿಸಿದ್ದರೆಂದರೆ, ಬೆಳಕನ್ನು ಪಕ್ಕದಿಂದ ಹಿಡಿಯದಿದ್ದರೆ ನನಗೂ ಕಾಣುತ್ತಿರಲಿಲ್ಲ.

ನಾನು ಬೆರಳು ಆಡಿಸಿದೆ. ಹಳೆಯ ಗಾರೆ ಮುಗಿದು ತೇಪೆ ಶುರುವಾಗುವಲ್ಲಿ ಬೆರಳು ಸಣ್ಣಗೆ ಇಳಿಯಿತು. ತೇಪೆ ಗೋಡೆಗಿಂತ ಒಂದು ಉಗುರಿನಷ್ಟು ತಗ್ಗಿನಲ್ಲಿತ್ತು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಎಂದೇನಿಲ್ಲ. ಸುತ್ತಲೂ ಅಷ್ಟೇ ತಗ್ಗು.

ಆ ತಗ್ಗನ್ನು ನಾನು ದಿನಾ ನನ್ನ ಅಡುಗೆಮನೆಯಲ್ಲಿ ನೋಡುತ್ತೇನೆ.

ನಮ್ಮನೆಯ ಕಪಾಟು ಗೋಡೆಯಿಂದ ಕಿತ್ತುಬಂದಾಗ ತಂಗಿಯೇ ಬಂದು ಗಾರೆ ಮೆತ್ತಿದ್ದಳು. ಅಲ್ಲೂ ಹೀಗೇ, ಉಗುರಿನಷ್ಟು ತಗ್ಗು. ನಮ್ಮನೆಯವರಿಗೆ ಒಂದು ಚಮಚ ಸೊಟ್ಟಗಿದ್ದರೂ ನಿದ್ದೆ ಬಾರದು. “ಇದೇನೇ ಪುಟ್ಟಿ, ಸಮ ಮಾಡೋಕೆ ಬರಲ್ವಾ ನಿಂಗೆ?” ಎಂದು ರೇಗಿದ್ದರು. ಅವಳು ನಕ್ಕು ಹೇಳಿದ್ದಳು: “ಬರತ್ತೆ ಭಾವ. ಮಾಡಬಾರದು. ಹಳೇ ಕಟ್ಟಡ ರಿಪೇರಿ ಮಾಡೋರಿಗೆ ನಮ್ಮ ಮೇಷ್ಟ್ರು ಕಲಿಸೋ ಮೊದಲ್ನೇ ಪಾಠ ಇದು. ಹೊಸಾ ಕೆಲಸ ಹಳೇದರ ವೇಷ ಹಾಕಬಾರದು. ಮುಂದೆ ನೋಡೋರಿಗೆ ಯಾವುದು ಯಾವಾಗಿಂದು ಅಂತ ಗೊತ್ತಾಗಬೇಕು.”

ಅಂದರೆ ಈ ತೇಪೆ ಹಾಕಿದ್ದು ಬೀದಿಯ ಗಾರೆಯವರಲ್ಲ, ಅಧ್ಯಕ್ಷೆ ಕಳಿಸಿದ ಗೂಂಡಾ ಅಲ್ಲ. ಅವರಾಗಿದ್ದರೆ ಸಪಾಟಾಗಿ ಬಳಿದು ಹೋಗುತ್ತಿದ್ದರು. ತಪ್ಪನ್ನು ಮುಚ್ಚಲು ಬಂದವನು ಮುಚ್ಚಿದ್ದೇನೆಂದು ಗುರುತೂ ಬಿಟ್ಟು ಹೋಗಿದ್ದ. ಇಂಥ ಪೆದ್ದುತನ ಮಾಡುವವರು ಊರಿನಲ್ಲಿ ಒಂದೇ ಕಡೆ, ನನ್ನ ತಂಗಿ ಕೆಲಸ ಮಾಡುವ ಆ ಮೇಷ್ಟ್ರ ರಿಪೇರಿ ಕಾರ್ಖಾನೆಯಲ್ಲಿದ್ದಾರೆ.

ಇನ್ಸ್‌ಪೆಕ್ಟರಿಗೆ ವಿವರಿಸಿದೆ. ಅವರು ಮೂಗು ಒರೆಸಿಕೊಳ್ಳುತ್ತಾ ಕೇಳಿಸಿಕೊಂಡು, ಬಹಳ ಮೆಲ್ಲಗೆ, “ಮೇಡಂ, ತಪ್ಪು ತಿಳ್ಕೋಬೇಡಿ. ಆ ಕೈ ನಿಮ್ಮ ತಂಗೀದೂ ಆಗಿರಬಹುದಲ್ವಾ?” ಎಂದರು.

“ಆಗಿರಬಹುದು. ಅದಕ್ಕೇ ಈಗ ಹೋಗಿ ಕೇಳ್ತೀನಿ.”

“ಅವರು ಬಾಯೇ ಬಿಡ್ತಿಲ್ಲ. ನಾನೇ ಸಹಿ ಹಾಕಿದ್ದು, ನಾನೇ ಅನುಭವಿಸ್ತೀನಿ, ಅಷ್ಟೇ ಹೇಳೋದು. ನಿಮ್ಮನ್ನೂ ನೋಡಲ್ಲ ಅಂದ್ರಲ್ಲ.”

“ತಂಗೀನ ಕೇಳ್ತೀನಿ ಅಂದ್ನಾ? ಮೇಷ್ಟ್ರನ್ನ ಕೇಳ್ತೀನಿ. ನೀವು ಕೋರ್ಟಿಗೆ ನಡೀರಿ.” ನಾನು ಹೇರ್‌ಪಿನ್ನಿನಿಂದ ತೇಪೆಯ ಒಂದು ಚೂರು ಎಬ್ಬಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಇಳಿದೆ.

ನಮ್ಮನೆಯವರು ಏಣಿ ಮಡಿಸಿ, ಗೋಡೆಗೆ ನೇರವಾಗಿ ಒರಗಿಸಿ, ಅದರ ಕಾಲಿನ ಧೂಳನ್ನೂ ಒರೆಸಿದರು. ಇಡೀ ಗ್ಯಾಲರಿ ನೆಲದ ಮೇಲೆ ಬಿದ್ದಿರುವಾಗ ಇವರಿಗೆ ಏಣಿಯ ಕಾಲಿನ ಧೂಳಿನ ಚಿಂತೆ. ನಗು ಬಂತು, ಆ ಪರಿಸ್ಥಿತಿಯಲ್ಲೂ.

“ಗ್ರಂಥಾಲಯದ ನೆಲಮಾಳಿಗೆಗೆ, ಮೇಷ್ಟ್ರ ಹತ್ರ ಹೋಗ್ಬೇಕು. ಬನ್ನಿ.”

“ಈಗ್ಲೇನಾ? ಕುಯ್ದದ್ದು ಸಿಕ್ತಲ್ಲ. ವಕೀಲರಿಗೆ ಅದನ್ನೇ ಹೇಳಿದ್ರೆ ಸಾಲ್ದಾ?”

“ಸಾಲ್ದು. ಯಾರು ಕುಯ್ದದ್ದು ಅಂತ ಗೊತ್ತಾಗದೇ ಹೋದ್ರೆ ಅವಳ ಮೇಲೇ ಹೊರಿಸ್ತಾರೆ.”

ಹೊರಗೆ ಪುರಭವನದ ಮೆಟ್ಟಿಲ ಮೇಲೆ ಗಂಟೆ ತಾತನ ಮಗಳು ಕೂತಿದ್ದಳು. ಭಾನುವಾರದಿಂದ ಅಲ್ಲೇ. ತಾತ ನಗರಸಭೆಯ ಕಲಾಪ ಶುರುವಾಗುವಾಗ ಗಂಟೆ ಬಾರಿಸುವವನು, ಸದಸ್ಯರು ಜಗಳ ಹೆಚ್ಚು ಮಾಡಿದರೆ ಯಾರೂ ಹೇಳದೆಯೇ ಇನ್ನೊಮ್ಮೆ ಬಾರಿಸಿ ಸಭೆ ಮುಗಿಸಿಬಿಡುವವನು. ಅವನನ್ನು ಬೈಯದ ಅಧ್ಯಕ್ಷರಿಲ್ಲ, ಪ್ರೀತಿಸದ ಗುಮಾಸ್ತರಿಲ್ಲ.

“ಗೊತ್ತಾಯ್ತಾ ಅಕ್ಕ?” ಎಂದು ಕೇಳಿದಳು ಮಗಳು.

“ಇವತ್ತು ಗೊತ್ತಾಗತ್ತೆ ಕಣಮ್ಮ,” ಎಂದೆ. ಪಕ್ಕದಲ್ಲಿದ್ದ ನಮ್ಮನೆಯವರು ತಲೆ ಬಗ್ಗಿಸಿ ಮುಂದೆ ನಡೆದರು. ತಾತ ಅವರ ಕಚೇರಿಯ ಬಾಗಿಲಲ್ಲೇ ಕೂರುತ್ತಿದ್ದವನು, ಸಂಕಟ ಆಗದೇ ಇರುತ್ತದೆಯೇ.

ಚೌಕದ ಕಲ್ಲುಹಾಸು ದಾಟಿದೆವು. ಒಂದು ಕಡೆ ಪುರಭವನದ ದಪ್ಪ ಕಂಬಗಳು, ಎದುರಿಗೆ ಗ್ರಂಥಾಲಯದ ಗುಮ್ಮಟ, ಬಲಕ್ಕೆ ನ್ಯಾಯಾಲಯ, ಎಡಕ್ಕೆ ನಗರಸಭೆ ಕಚೇರಿ. ಕಮಾನುಗಳ ಕೆಳಗೆ ಟೈಪಿನವರು ಟಕಟಕ ಎನ್ನುತ್ತಿದ್ದರು. ನಗರಸಭೆ ಕಚೇರಿಗೆ ಅಧ್ಯಕ್ಷೆಯ ದೊಡ್ಡ ಬ್ಯಾನರು ಇನ್ನೂ ತೂಗುತ್ತಿತ್ತು. ಕಟ್ಟಡಕ್ಕೆ ನೂರು ತುಂಬಿತೋ ಅವಳಿಗೆ ತುಂಬಿತೋ ತಿಳಿಯದ ಹಾಗೆ ಅವಳ ಮುಖವೇ ತುಂಬ. ನನಗೆ ಅವಳ ಮೇಲೆ ಸಂಶಯವಿತ್ತು ಎಂದರೆ ಸುಳ್ಳಾಗುತ್ತದೆ. ಅವಳೇ ಆಗಿರಲಿ ಎಂಬ ಆಸೆಯಿತ್ತು. ಆ ಉಗುರಿನಷ್ಟು ತಗ್ಗು ನನ್ನ ಆಸೆಗೆ ಎಳ್ಳುನೀರು ಬಿಟ್ಟಿತು.

ರಿಪೇರಿ ಕಾರ್ಖಾನೆ ಗ್ರಂಥಾಲಯದ ನೆಲಮಾಳಿಗೆಯಲ್ಲಿತ್ತು. ಬಾಗಿಲು ತೆಗೆದರೆ ಒದ್ದೆ ಸುಣ್ಣದ ವಾಸನೆ, ಮೇಜಿನ ಮೇಲೆ ಮೂಗು ಮುರಿದ ಗೊಂಬೆಗಳ ಸಾಲು. ಮೇಷ್ಟ್ರ ಇನ್ನೊಬ್ಬ ಶಿಷ್ಯೆ, ಎಲ್ಲರೂ ಬಣ್ಣದವಳು ಅನ್ನುವವಳು, ಎಡಗೈಯಲ್ಲಿ ಒಂದು ಗೊಂಬೆಗೆ ಬ್ರಷ್ ಆಡಿಸುತ್ತಿದ್ದಳು. ಬಲಗೈ ಬ್ಯಾಂಡೇಜಿನಲ್ಲಿ ಕುತ್ತಿಗೆಗೆ ನೇತಾಡುತ್ತಿತ್ತು.

“ಯಾವಾಗ ಮುರೀತು?”

“ಆಗ್ಲೇ ತಿಂಗಳ ಮೇಲಾಯ್ತಲ್ಲ. ಈ ಗ್ರಂಥಾಲಯದ ಮೆಟ್ಟಿಲ ಮೇಲೇ ಜಾರಿದ್ದು. ಊರಿನ ಕಟ್ಟಡಗಳನ್ನೆಲ್ಲ ರಿಪೇರಿ ಮಾಡೋಳಿಗೆ ಮೆಟ್ಟಿಲು ಹತ್ತೋಕೆ ಬರಲ್ಲ ಅಂತ ಎಲ್ರೂ ನಗ್ತಾರೆ,” ಎಂದಳು. “ಪುಟ್ಟಿ ಹೇಗಿದಾಳೆ?”

“ಹೇಗಿರ್ತಾಳೆ. ಮೇಷ್ಟ್ರು ಎಲ್ಲಿ?”

ಅವಳು ಗದ್ದದಿಂದಲೇ ಒಳಕೋಣೆ ತೋರಿಸಿದಳು. ಒಂದು ಕೈಯಲ್ಲಿ ಗರಗಸ ಹಿಡಿದು ಗಟ್ಟಿ ತೊಲೆ ಕುಯ್ಯುವುದು ಆಗುವ ಮಾತಲ್ಲ. ಕಾರ್ಖಾನೆಯಲ್ಲಿರುವುದೇ ಮೂವರು, ಹಾಗಾದರೆ ಉಳಿದದ್ದು ಇಬ್ಬರೇ. ಒಬ್ಬಳು ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು. ಇನ್ನೊಬ್ಬರು ಅವಳಿಗೆ ಅಪ್ಪನಿಗಿಂತ ಹೆಚ್ಚು.

ಮೇಷ್ಟ್ರು ಕಿಟಕಿಯ ಬಳಿ ಸುಮ್ಮನೆ ಕೂತಿದ್ದರು. ಬಿಳಿ ಗಡ್ಡ, ಸುಣ್ಣ ತಿಂದು ಬಿರುಕುಬಿಟ್ಟ ಕೈಗಳು. ಆ ಕೈಗಳು ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ನೋಡಿದೆ. ನಮ್ಮನೆಯವರು ಒಳಗೆ ಬಂದು ಬಾಗಿಲು ಹಾಕಿದರು.

ಪೀಠಿಕೆ ಹಾಕುವ ತಾಳ್ಮೆ ನನಗಿರಲಿಲ್ಲ. ಕರವಸ್ತ್ರ ಬಿಚ್ಚಿ ಚೂರನ್ನು ಅವರ ಮುಂದಿಟ್ಟೆ. “ಮೇಷ್ಟ್ರೇ, ಇದು ಹಳೇದೋ ಹೊಸದೋ ನೋಡಿ ಹೇಳಿ.”

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. “ಎಲ್ಲಿಂದು ಇದು?”

“ನೀವು ಮೊದ್ಲು ನೋಡಿ. ಆಮೇಲೆ ಹೇಳ್ತೀನಿ.”

ಅವರು ಹಳೇದು ಎಂದುಬಿಡಬಹುದಿತ್ತು. ನನಗೇನು ತಿಳಿಯುತ್ತಿತ್ತು? ಆದರೆ ಮನುಷ್ಯ ಎದ್ದು, ಕಪಾಟಿನಿಂದ ಒಂದು ಸಣ್ಣ ಬಾಟಲಿ ತೆಗೆದರು. ನೀರಿನ ಹಾಗೆ ತಿಳಿಯಾದ ಔಷಧಿ. “ಹಸಿ ಸುಣ್ಣಕ್ಕೆ ಇದು ತಾಕಿದ್ರೆ ಗುಲಾಬಿ ಆಗತ್ತೆ. ಗಾಳಿ ಕುಡಿದು ಹಳೇದಾದ ಸುಣ್ಣದ ಮೇಲೆ ಬಣ್ಣ ಬರಲ್ಲ,” ಎಂದು ಪಾಠ ಹೇಳುವ ದನಿಯಲ್ಲಿ ಹೇಳಿದರು. ಚೂರಿನ ಮೇಲೆ ಒಂದು ಹನಿ ಬಿಟ್ಟರು.

ಚೂರು ಕಡು ಗುಲಾಬಿಯಾಯಿತು.

“ಹೊಸದು,” ಎಂದರು ಮೇಷ್ಟ್ರು. “ಎರಡು ವಾರ ಕೂಡ ಆಗಿಲ್ಲ.”

“ಪುಟ್ಟಿ ಸಹಿ ಹಾಕಿದ್ದು ಹೋದ ತಿಂಗಳು. ಆಗ ತೊಲೆ ಚೆನ್ನಾಗೇ ಇತ್ತು. ಅವಳು ಸುಳ್ಳು ಬರೆದಿಲ್ಲ. ಆಮೇಲೆ ಯಾರೋ ಗಾರೆ ಒಡೆದು, ತೊಲೆ ಅರ್ಧ ಕುಯ್ದು, ಮತ್ತೆ ಮುಚ್ಚಿದಾರೆ. ಮುಚ್ಚುವಾಗ ಸುತ್ತಲೂ ಉಗುರಿನಷ್ಟು ತಗ್ಗು ಬಿಟ್ಟಿದಾರೆ.” ನಾನು ಮೇಜಿನ ಮೇಲೆ ಎರಡೂ ಕೈ ಊರಿ ಬಗ್ಗಿದೆ. “ಬಣ್ಣದವಳ ಕೈ ಮುರಿದಿದೆ. ಇನ್ನು ನನ್ನ ತಂಗಿ ಇದಾಳೆ, ನೀವಿದೀರಿ. ಯಾರು ಅಂತ ನೀವೇ ಹೇಳಿ.”

ಅವರು ಬಾಟಲಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ಸಮ ಮಾಡಬೇಕು ಅಂತಾನೇ ಕರಣೆ ಹಿಡಿದೆ,” ಎಂದರು. “ಕೈ ಕೇಳಲಿಲ್ಲ ತಾಯಿ. ಇಷ್ಟು ವರ್ಷದ ಅಭ್ಯಾಸ. ತಗ್ಗು ಬಿಟ್ಟಿದೀನಿ ಅಂತ ಕೆಳಗಿಳಿದ ಮೇಲೆ ನಂಗೇ ಗೊತ್ತಾಯ್ತು. ಮತ್ತೆ ಹತ್ತಿ ಸಮ ಮಾಡೋಕೆ ಮನಸ್ಸು ಬರಲಿಲ್ಲ.”

ನಾನು ಬೈಯಬೇಕೆಂದು ಬಾಯಿ ತೆರೆದೆ. ಆದರೆ ಕಣ್ಣು ಅವರ ಕೈ ಮೇಲೆ ಬಿತ್ತು. ಈ ಕೈಯೇ ನನ್ನ ತಂಗಿಗೆ ಕರಣೆ ಹಿಡಿಯಲು ಕಲಿಸಿದ್ದು.

“ಯಾಕೆ? ಆ ಕಟ್ಟಡ ಅಂದ್ರೆ ಪ್ರಾಣ ನಿಮ್ಗೆ!”

“ಅದಕ್ಕೇನೇ. ಗ್ಯಾಲರಿ ರಿಪೇರಿ ಆದ್ಮೇಲೆ ಸಾಕು ಅಂದ್ಬಿಟ್ರು. ಮೇಲೆ ಛಾವಣಿ ಕೊಳೀತಾ ಇದೆ. ಕೇಳಿ ಕೇಳಿ ಬಾಯಿ ಒಣಗ್ತು. ಅಧ್ಯಕ್ಷೆ ಕಿವಿ ಮೇಲೇ ಹಾಕ್ಕೊಳ್ಳಲಿಲ್ಲ. ಮಗೂಗೆ ಜ್ವರ ಬಂದ್ರೆ ತಾನೇ ಡಾಕ್ಟರ ಹತ್ರ ಓಡೋದು? ಗ್ಯಾಲರಿ ಒಂದು ಬೆರಳಷ್ಟು ಜಗ್ಗಿದ್ರೆ ಹೆದರ್ಕೊಂಡು ಇಡೀ ಭವನ ಮುಚ್ತಾರೆ, ಎಲ್ಲ ರಿಪೇರಿ ಮಾಡ್ತಾರೆ ಅಂದ್ಕೊಂಡೆ. ಆಗ ಭವನ ಖಾಲಿ ಇತ್ತು. ಸಮಾರಂಭ ಚೌಕದಲ್ಲಿ, ಶಾಮಿಯಾನದ ಕೆಳಗೆ ಅಂತ ಇತ್ತು.”

“ಕೊನೆ ಗಳಿಗೇಲಿ ಒಳಗೆ ತಂದ್ರು.”

“ಶನಿವಾರ ಸಂಜೆ ನಂಗೆ ಗೊತ್ತಾಯ್ತು. ಬ್ಯಾಂಡಿನವರನ್ನ ಗ್ಯಾಲರಿ ಮೇಲೆ ಕೂರಿಸ್ತಾರೆ ಅಂತ.” ಅವರು ಮುಖ ಮುಚ್ಚಿಕೊಂಡರು. “ಅಷ್ಟು ದೊಡ್ಡ ಡ್ರಮ್ಮುಗಳು, ಅಷ್ಟು ಜನ.”

“ಗೊತ್ತಾದ್ಮೇಲೂ ಸುಮ್ನಿದ್ರಾ? ಒಂದು ಮಾತು, ಯಾರಿಗಾದ್ರೂ ಒಂದೇ ಒಂದು ಮಾತು ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು? ಗಂಟೆ ತಾತ ನಿಮ್ಮ ಜೊತೆ ದಿನಾ ಚಹಾ ಕುಡೀತಿದ್ದನಲ್ರೀ!” ನಾನು ಕಿರುಚುತ್ತಿದ್ದೆ.

“ಹೇಳಿದೆ,” ಎಂದರು ಮೇಷ್ಟ್ರು.

“ಯಾರಿಗೆ?”

ಅವರು ಮುಖದಿಂದ ಕೈ ತೆಗೆದರು. “ನಿನ್ನ ತಂಗಿಗೆ. ಶನಿವಾರ ಸಂಜೆಯೇ ಅವಳ ಮುಂದೆ ಎಲ್ಲ ಒಪ್ಕೊಂಡೆ. ಅತ್ತಳು, ಬೈದಳು. ಆಮೇಲೆ, ನೀವು ಮನೆಗೆ ಹೋಗಿ ಮೇಷ್ಟ್ರೇ, ಯಾರಿಗೂ ಹೇಳ್ಬೇಡಿ, ನಾನು ನೋಡ್ಕೋತೀನಿ ಅಂದಳು. ಏನು ನೋಡ್ಕೊಂಡಳೋ ನಂಗೊತ್ತಿಲ್ಲ. ಮಾರನೇ ದಿನ ಬಿದ್ದೇಬಿಡ್ತು.”

ನಾನು ಅಲ್ಲೇ ಇದ್ದ ಒಂದು ಸುಣ್ಣದ ಮೂಟೆಯ ಮೇಲೆ ಕೂತೆ. ಅವಳಿಗೆ ಗೊತ್ತಿತ್ತು. ತೊಲೆ ಕುಯ್ದಿದೆ ಎಂದು ಗೊತ್ತಿದ್ದೂ ನನ್ನ ತಂಗಿ ಜನರನ್ನು ಒಳಗೆ ಬಿಟ್ಟಿದ್ದಳು. ಇಷ್ಟು ದಿನ ಅವಳ ಮೇಲಿದ್ದದ್ದು ಅಜಾಗರೂಕತೆಯ ಆರೋಪ. ಈ ಮಾತು ಹೊರಬಿದ್ದರೆ ಅದಕ್ಕೆ ಬೇರೆ ಹೆಸರು.

“ಒಂದು ಮಾತು ಹೇಳ್ತೀನಿ,” ಎಂದರು ಮೇಷ್ಟ್ರು. ದನಿ ಗಟ್ಟಿಯಾಗಿತ್ತು. “ಈಗ್ಲೇ ಬರ್ತೀನಿ ಕೋರ್ಟಿಗೆ. ಕುಯ್ದದ್ದು ನಾನು, ಮುಚ್ಚಿದ್ದು ನಾನು. ಅವಳಿಗೆ ಹೇಳಿದೆ ಅನ್ನೋದೊಂದು ಬಿಟ್ಟುಬಿಡ್ತೀನಿ. ಸಂಜೆಗೆ ಮನೇಲಿರ್ತಾಳೆ.”

“ಅದೇ ಸರಿ!” ಎಂದರು ನಮ್ಮನೆಯವರು. ಅಷ್ಟು ಹೊತ್ತು ಬಾಗಿಲಿಗೆ ಆತುಕೊಂಡಿದ್ದವರು ಸರಕ್ಕನೆ ಮುಂದೆ ಬಂದಿದ್ದರು. “ಅಷ್ಟು ಸಾಕು ಕಣೇ. ಸುಳ್ಳೇನೂ ಹೇಳ್ತಿಲ್ಲವಲ್ಲ. ಕುಯ್ದೋರು ಒಪ್ಕೋತಾರೆ, ಪುಟ್ಟಿ ಹೊರಗೆ ಬರ್ತಾಳೆ. ಮಿಕ್ಕಿದ್ದು ಯಾಕೆ ಕೆದಕಬೇಕು? ನಿನ್ನ ಕಾಲಿಗೆ ಬೀಳ್ತೀನಿ, ಈ ಒಂದ್ಸಲ ಹಟ ಬಿಡು.”

ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ನನ್ನ ಮುಂದೆ ಇಷ್ಟು ಬೇಡಿಕೊಂಡದ್ದಿಲ್ಲ. ಪುಟ್ಟಿಯನ್ನು ಸಣ್ಣವಳಿದ್ದಾಗಿನಿಂದ ಎತ್ತಿ ಆಡಿಸಿದವರು, ಕರುಳು ಚುರ್ ಅನ್ನದೇ ಇರುತ್ತದೆಯೇ ಎಂದುಕೊಂಡೆ. ನನಗೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಸಂಜೆ ಅವಳು ನಮ್ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವುದು ಕಣ್ಣಿಗೆ ಕಟ್ಟಿತು. ಬಾಯಿಯ ತನಕ ಬಂತು, ಹೂಂ ಎನ್ನುವ ಮಾತು.

ಆದರೆ ಮೆಟ್ಟಿಲ ಮೇಲೆ ಆ ಮಗಳು ಕೂತಿದ್ದಳಲ್ಲ. ಅವಳಿಗೆ ಇವತ್ತು ಗೊತ್ತಾಗುತ್ತದೆ ಎಂದು ಮಾತು ಕೊಟ್ಟು ಬಂದವಳು ನಾನು. ಜೊತೆಗೆ ನನ್ನ ತಂಗಿಯನ್ನು ನಾನು ಬಲ್ಲೆ. ಅಡುಗೆಮನೆಯ ಗೋಡೆಯನ್ನೇ ಸಮ ಮಾಡಲು ಒಪ್ಪದವಳು, ಅರ್ಧ ಸತ್ಯದ ಮೇಲೆ ಹೊರಗೆ ಬಂದರೆ ಬದುಕಿರುವ ತನಕ ತಲೆ ಎತ್ತುವುದಿಲ್ಲ. ‘ನಾನು ನೋಡ್ಕೋತೀನಿ’ ಎಂದ ಮೇಲೆ ಅವಳು ಕೈಕಟ್ಟಿ ಕೂರುವವಳೂ ಅಲ್ಲ. ಏನೋ ಮಾಡಿದ್ದಾಳೆ. ಆ ಏನೋ ಎಂಬುದೇ ಅವಳ ಬಾಯಿಗೆ ಬೀಗ ಹಾಕಿದೆ.

ಎದ್ದು ನಿಂತೆ. “ಹೇಳೋದಾದ್ರೆ ಪೂರ್ತಿ ಹೇಳಿ ಮೇಷ್ಟ್ರೇ. ಒಂದು ಮಾತೂ ಬಿಡಬೇಡಿ.”

“ಹುಚ್ಚು ಹಿಡಿದಿದ್ಯಾ ನಿಂಗೆ? ಒಡಹುಟ್ಟಿದ ತಂಗಿ ಕಣೇ!” ಎಂದರು ನಮ್ಮನೆಯವರು.

“ಒಡಹುಟ್ಟಿದ ತಂಗಿ ಅಂತಾನೇ ಹೇಳ್ತಿದೀನಿ. ನಡೀರಿ, ಹೊತ್ತಾಯ್ತು.”

ನ್ಯಾಯಾಲಯದ ಎತ್ತರದ ಕೋಣೆ ಜನರಿಂದ ತುಂಬಿತ್ತು. ಅಧ್ಯಕ್ಷೆ ಮುಂದಿನ ಸಾಲಿನಲ್ಲಿ ಬಿಳಿ ಬಟ್ಟೆ ಉಟ್ಟು, ದುಃಖದ ಮುಖ ಮಾಡಿಕೊಂಡು ಕೂತಿದ್ದಳು. ಗಂಟೆ ತಾತನ ಮಗಳು ಹಿಂದಿನ ಗೋಡೆಗೆ ಒರಗಿದ್ದಳು. ಕಟಕಟೆಯಲ್ಲಿ ನನ್ನ ತಂಗಿ. ಕೂದಲು ಬಾಚಿರಲಿಲ್ಲ, ಕಣ್ಣು ಗುಳಿಬಿದ್ದಿತ್ತು. ನನ್ನನ್ನು ಕಂಡು ಮುಖ ತಿರುಗಿಸಿದಳು. ಹಲ್ಲು ಕಚ್ಚಿ ಕೂತೆ. ಪಕ್ಕದಲ್ಲಿ ನಮ್ಮನೆಯವರು ಕೂತರು.

ನ್ಯಾಯಾಧೀಶೆ ವಯಸ್ಸಾದ ಹೆಂಗಸು, ಕಡಿಮೆ ಮಾತಿನವರು. ಇನ್ಸ್‌ಪೆಕ್ಟರು ಗರಗಸದ ವಿಷಯ ಹೇಳಿದರು, ನಡುವೆ ಎರಡು ಸಲ ಸೀನಿದರು. ಆಮೇಲೆ ಮೇಷ್ಟ್ರನ್ನು ಕರೆದರು.

ಮೇಷ್ಟ್ರು ಪಾಠ ಒಪ್ಪಿಸುವ ಹಾಗೆ ಎಲ್ಲವನ್ನೂ ಹೇಳಿದರು. ಗರಗಸ, ಗಾರೆ, ತಗ್ಗು, ಶನಿವಾರ ಸಂಜೆ. ಒಂದನ್ನೂ ಬಿಡಲಿಲ್ಲ. ಕೋಣೆಯಲ್ಲಿ ಗದ್ದಲವೆದ್ದಿತು. ಗಂಟೆ ತಾತನ ಮಗಳು ಒಮ್ಮೆ ಚೀರಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

“ಯಾಕೆ ಬಂದ್ರಿ ಮೇಷ್ಟ್ರೇ,” ಎಂದು ಪುಟ್ಟಿ ಕಟಕಟೆಯಿಂದ ಅಳುತ್ತಾ ಹೇಳಿದಳು. “ಯಾರಿಗೂ ಹೇಳ್ಬೇಡಿ ಅಂದಿದ್ದೆನಲ್ಲ.”

“ನಿಮಗೆ ಗೊತ್ತಿತ್ತಾ?” ನ್ಯಾಯಾಧೀಶೆ ಕೇಳಿದರು.

“ಗೊತ್ತಿತ್ತು.”

“ಗೊತ್ತಿದ್ದೂ ಜನರನ್ನ ಒಳಗೆ ಬಿಟ್ರಾ?”

“ಬಿಟ್ಟೆ. ಸಮಾರಂಭ ನಿಲ್ಸಿದ್ರೆ ಯಾಕೆ ಅಂತ ಕೇಳ್ತಾರೆ, ಮೇಷ್ಟ್ರ ಹೆಸರು ಬರತ್ತೆ. ಅದು ನನ್ನ ತಪ್ಪು. ಅದಕ್ಕೆ ಏನು ಶಿಕ್ಷೆ ಕೊಟ್ರೂ ಅನುಭವಿಸ್ತೀನಿ.” ಅವಳು ಕಣ್ಣು ಒರೆಸಿಕೊಂಡಳು. “ಆದ್ರೆ ನಾನು ಹಾಗೇ ಬಿಟ್ಟಿರಲಿಲ್ಲ. ಶನಿವಾರವೇ ಆ ತೊಲೆ ಕೆಳಗೆ ಎರಡು ಕಬ್ಬಿಣದ ಆಸರೆ ಕಂಬ ಕೊಟ್ಟಿದ್ದೆ. ಲೆಕ್ಕ ಹಾಕಿ ಕೊಟ್ಟಿದ್ದೆ. ಬ್ಯಾಂಡು ಅಲ್ಲ, ಆನೆ ಬಂದು ಕೂತ್ರೂ ಬೀಳ್ತಿರಲಿಲ್ಲ.”

ನ್ಯಾಯಾಧೀಶೆ ಇನ್ಸ್‌ಪೆಕ್ಟರ ಕಡೆ ನೋಡಿದರು.

“ರಾಶಿಯಲ್ಲಿ ಕಂಬ ಯಾವುದೂ ಇರಲಿಲ್ಲ,” ಎಂದರು ಅವರು ತಬ್ಬಿಬ್ಬಾಗಿ. “ಪ್ರತಿಯೊಂದು ಚೂರನ್ನೂ ನಾನೇ ನೋಡಿದೀನಿ.”

“ಹಾಗಾದ್ರೆ ಕಂಬ ಎಲ್ಲಿ ಹೋಯ್ತು?”

“ಭಾನುವಾರ ಬೆಳಿಗ್ಗೆ ತೆಗೆದುಬಿಟ್ಟಿದ್ರು,” ಎಂದಳು ಪುಟ್ಟಿ. “ಸಭಾಂಗಣದ ನಡುವೆ ಕಂಬ ಇದ್ರೆ ಅಸಹ್ಯ, ಗಣ್ಯರು ಬರೋ ದಾರಿ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ. ತೆಗೀಬೇಡಿ, ಪ್ರಾಣ ಹೋಗತ್ತೆ ಅಂತ ನಾನು ಹಿಂದಿನ ರಾತ್ರಿಯೇ ಬಿಡಿಸಿ ಬಿಡಿಸಿ ಹೇಳಿದ್ದೆ. ತೊಲೆ ಕುಯ್ದದ್ದನ್ನೂ ಹೇಳಿದ್ದೆ. ಹೂಂ ಅಂದಿದ್ರು.”

“ಯಾರು?”

ಪುಟ್ಟಿ ಮೂರು ದಿನದಲ್ಲಿ ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದಳು. ಸಣ್ಣವಳಿದ್ದಾಗ ನನ್ನ ಬಳೆ ಒಡೆದು ಹೇಳಲಾರದೆ ನಿಲ್ಲುತ್ತಿದ್ದಳಲ್ಲ, ಅದೇ ನೋಟ.

“ಅಕ್ಕನ್ನ ಹೊರಗೆ ಕಳಿಸಿ,” ಎಂದಳು. “ಆಮೇಲೆ ಹೇಳ್ತೀನಿ.”

ನನ್ನ ಮಣಿಕಟ್ಟನ್ನು ಯಾರೋ ಹಿಡಿದರು. ನಮ್ಮನೆಯವರು. “ಬಾ,” ಎಂದು ಪಿಸುಗುಟ್ಟಿದರು, “ಹೊರಗೆ ಹೋಗೋಣ. ಎದ್ದೇಳು ಬೇಗ.”

ಪತ್ತೇದಾರಿಣಿಯ ತಲೆ ಎಂಥ ಪಾಪಿಯದ್ದು ನೋಡಿ. ಬೇಡ ಬೇಡವೆಂದರೂ ಅದು ಒಂದಕ್ಕೊಂದು ಕೂಡಿಸುತ್ತಲೇ ಹೋಯಿತು. ಸೊಟ್ಟಗಿದ್ದ ಚಮಚ, ಧೂಳು ಒರೆಸಿದ ಏಣಿ, ಮೆಟ್ಟಿಲ ಬಳಿ ಬಗ್ಗಿದ ತಲೆ. ಆದರೂ ಬೆಂಚು ಬಿಟ್ಟು ಏಳಲಿಲ್ಲ.

“ನಾನು ಎಲ್ಲಿಗೂ ಹೋಗಲ್ಲ,” ಎಂದೆ, ಇಡೀ ಕೋಣೆಗೆ ಕೇಳಿಸುವ ಹಾಗೆ. “ಯಾರೇ ಆಗಿರ್ಲಿ. ಹೇಳು ಪುಟ್ಟಿ.”

ಅವಳ ಕಣ್ಣು ನನ್ನಿಂದ ಸರಿದು ನನ್ನ ಪಕ್ಕಕ್ಕೆ ಹೋಯಿತು.

“ನೀವೇ ಹೇಳಿಬಿಡಿ ಭಾವ,” ಎಂದಳು. “ನಾನು ಹೇಳಿದ್ರೆ ಅಕ್ಕ ನಂಬಲ್ಲ.”